ರೋಗಕಾಲದ ಅಂಗಡಿಯೂ ನೆರೆಯವನ ಕ್ಷೇಮವೂ

ಅಂಗಡಿಗೆ ಹೋಗಿ ಉಪ್ಪು, ಬೇಳೆ, ಎಣ್ಣೆಗಳನ್ನು ತರುವದು ನ್ಯಾಯಾನ್ಯಾಯಗಳ ವಿಚಾರಕ್ಕೆ ಒಳಪಡತಕ್ಕ ಕೆಲಸವೆಂದು 2020ನೆಯ ಇಸವಿಗೆ ಮುಂಚೆ ನಮ್ಮಲ್ಲಿ ಬಹು ಸ್ವಲ್ಪ ಜನರು ಎಣಿಸಿದ್ದರು. ವರ್ತಕನು ತೂಕದಲ್ಲಿ ಮೋಸ ಮಾಡಬಾರದು, ಕೊಳ್ಳುವವನು ಉದ್ರಿಯನ್ನು ಹೊತ್ತಿಗೆ ಸರಿಯಾಗಿ ತೀರಿಸಬೇಕು. ಅಂಗಡಿಯ ಧರ್ಮವೆಂದರೆ ಇಷ್ಟೇ ಎಂದು ತಿಳಿದು ನಾವು ನೆಮ್ಮದಿಯಿಂದಿದ್ದೆವು. ಆ ವರುಷದ ಮಾರ್ಚ್ 24ನೆಯ ತಾರೀಖಿನ ರಾತ್ರಿ ದೇಶಕ್ಕೆಲ್ಲಾ 21 ದಿನಗಳ ಲಾಕ್‌ಡೌನ್ ಪ್ರಕಟವಾದಾಗ ಈ ನೆಮ್ಮದಿಯು ಕೆಟ್ಟಿತು. ಅಂಗಡಿಯ ಕಟ್ಟೆಯ ಮುಂದೆ ನಿಲ್ಲುವ ಪ್ರತಿಯೊಬ್ಬನೂ ತಾನು ಅರಿಯದೆಯೇ ರೋಗವನ್ನು ಕೊಡುವವನಾಗಬಹುದು, ಇಲ್ಲವೆ ಅದನ್ನು ಮನೆಗೆ ಒಯ್ಯುವವನಾಗಬಹುದು ಎಂಬ ವಿಚಾರವು ಅಂದು ಹುಟ್ಟಿತು. ಆ ದಿನಗಳು ಕಳೆದು ವರುಷಗಳಾದವು. ಆದರೂ ಆಗ ಎದ್ದ ಒಂದು ಪ್ರಶ್ನೆಗೆ ನಾವು ಸರಿಯಾದ ಉತ್ತರವನ್ನು ಕೊಟ್ಟೆವೆಂದು ಹೇಳಲಾರೆವು. ಆದಕಾರಣ ಅದನ್ನು ವಾಚಕರ ಮುಂದೆ ತಿರಿಗಿ ಇಡುತ್ತೇವೆ. ರೋಗಕಾಲದಲ್ಲಿ ಸುರಕ್ಷಿತವಾಗಿ ಸಾಮಾನು ಕೊಳ್ಳಿರಿ ಎಂದು ಎಲ್ಲರೂ ಎಲ್ಲರಿಗೂ ಹೇಳಿದರಷ್ಟೆ. ಆ ಸುರಕ್ಷಿತತೆಯು ಯಾರದು?

ನಾವು ಬರೆಯುವದು ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಸೀಮೆಯ ಸಂಗತಿ. ಆಗ ಈ ನಾಲ್ಕೂ ಸ್ಥಳಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹೊಸಪೇಟೆಯು ಹೊಸದಾದ ವಿಜಯನಗರ ಜಿಲ್ಲೆಗೆ ಮುಖ್ಯಸ್ಥಳವಾದದ್ದು 2021ರಲ್ಲಿ. ಕೊರೊನಾ ರೋಗದಿಂದ ಭಾರತದಲ್ಲಿ ಉಂಟಾದ ಮೊದಲನೆಯ ಮರಣವು ನಮ್ಮ ರಾಜ್ಯದ ಕಲಬುರಗಿಯವರದೇ ಎಂಬ ಸುದ್ದಿಯು 2020ರ ಮಾರ್ಚ್ ತಿಂಗಳಲ್ಲಿ ಬಂದಿತು. ಆ ತಿಂಗಳು ಮುಗಿಯುವದರೊಳಗೆ ಬಳ್ಳಾರಿ ಜಿಲ್ಲೆಯ ಮೊದಲನೆಯ ರೋಗಿಗಳು ಹೊಸಪೇಟೆಯಲ್ಲಿಯೇ ಕಂಡುಬಂದರು. ದೂರದ ಚೀನ ದೇಶದ ವರ್ತಮಾನವಾಗಿದ್ದದ್ದು ಮೂರು ತಿಂಗಳೊಳಗೆ ನಮ್ಮ ಓಣಿಯ ಸಂಗತಿಯಾಯಿತು. ವಾರದ ಸಂತೆಗಳು ನಿಂತವು. ಕಿರಾಣಿ ಅಂಗಡಿಗಳ ಬಾಗಿಲಿಗೆ ಅಡ್ಡವಾಗಿ ಹಗ್ಗ ಕಟ್ಟಿದರು. ಎದುರಿನ ಬೀದಿಯಲ್ಲಿ ಮಾರು ಮಾರು ದೂರಕ್ಕೆ ಸುಣ್ಣದ ವೃತ್ತಗಳನ್ನು ಬರೆದು, ಒಂದೊಂದರಲ್ಲಿ ಒಬ್ಬೊಬ್ಬರು ನಿಲ್ಲಬೇಕೆಂದರು. ಜಿಲ್ಲೆಯಿಂದ ಜಿಲ್ಲೆಗೆ ಹೋಗಕೂಡದೆಂದು ಅಪ್ಪಣೆಯಾದದ್ದರಿಂದ, ಕಂಪ್ಲಿಯ ಸೇತುವೆಯ ಈಚೆಗಿದ್ದವರಿಗೆ ಆಚೆಯ ಗಂಗಾವತಿಯು ಪರದೇಶವಾಯಿತು. ಯಾಕಂದರೆ ಹೊಳೆಯ ಆಚೆಯದು ಕೊಪ್ಪಳ ಜಿಲ್ಲೆ.

ಹಂಪೆಯ ಸ್ಥಿತಿಯನ್ನು ಪ್ರತ್ಯೇಕವಾಗಿ ಹೇಳಬೇಕು. ಸುಮಾರು 1520ರಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸನಾದ ಡೊಮಿಂಗೊ ಪಾಯೆಸ್ ಎಂಬವನು ಆ ಪಟ್ಟಣದ ಪೇಟೆಗಳಲ್ಲಿ ಧಾನ್ಯ, ಹಣ್ಣು, ಕಾಯಿಪಲ್ಯಗಳ ಸಮೃದ್ಧಿಯನ್ನು ಕಂಡು ಬೆರಗಾಗಿ, ಇಷ್ಟು ಚೆನ್ನಾಗಿ ಆಹಾರ ಒದಗಿದ ಪಟ್ಟಣವು ಲೋಕದಲ್ಲಿ ಬೇರೊಂದಿಲ್ಲವೆಂಬಂತೆ ಬರೆದಿಟ್ಟಿದ್ದಾನೆ. ವಿರೂಪಾಕ್ಷ ಬಜಾರು, ಕೃಷ್ಣ ಬಜಾರುಗಳ ಕಲ್ಲಿನ ಕಂಬಸಾಲುಗಳು ಇಂದಿಗೂ ನಿಂತಿವೆ. ಅದೇ ಹಂಪೆಯಲ್ಲಿ 2020ರ ಮಾರ್ಚ್ 17ರಿಂದ ಜುಲೈ ತಿಂಗಳಿನ ವರೆಗೂ ಪುರಾತತ್ವ ಇಲಾಖೆಯ ಸ್ಮಾರಕಗಳು ಮುಚ್ಚಿದ್ದವು. ಯಾತ್ರಿಕರಿಗೆ ದಾರಿ ತೋರಿಸಿ, ಎಳನೀರು ಬಾಳೆಹಣ್ಣು ಮಾರಿ, ಆಟೋ ಓಡಿಸಿ ಅಂದಂದಿನ ಅನ್ನವನ್ನು ಅಂದಂದೇ ಸಂಪಾದಿಸುತ್ತಿದ್ದವರ ಕೈ ಬರಿದಾಯಿತು. ಅಂಗಡಿಯಿಂದ ರೋಗ ತಗಲೀತೆಂಬ ಭಯಕ್ಕಿಂತ ಅಂಗಡಿಗೆ ಹೋಗಲು ಕಾಸಿಲ್ಲವೆಂಬ ಭಯವು ಇಂಥವರಿಗೆ ದೊಡ್ಡದಾಗಿತ್ತು. ಸರಕಾರದವರು ಏಪ್ರಿಲ್ ತಿಂಗಳಿಂದ ಪಡಿತರ ಚೀಟಿಯುಳ್ಳವರಿಗೆ ತಲೆಗೆ 5 ಕಿಲೋ ಧಾನ್ಯವನ್ನು ಹೆಚ್ಚಾಗಿ ಧರ್ಮಾರ್ಥ ಕೊಡಮಾಡಿದ್ದು ಅನೇಕ ಮನೆಗಳನ್ನು ಉಳಿಸಿತು. ಆದರೆ ಅಕ್ಕಿಯೊಂದರಿಂದಲೇ ಅಡಿಗೆಯಾಗುವದಿಲ್ಲವೆಂಬದನ್ನು ಒಲೆಯ ಮುಂದೆ ಕೂತವರು ಬಲ್ಲರು. ಉಪ್ಪು, ಖಾರ, ಬೇಳೆ, ಎಣ್ಣೆಗಳಿಗೆ ಅಂಗಡಿಗೇ ಹೋಗಬೇಕು.

ಇಲ್ಲಿ ನಮ್ಮ ಒಂದು ಸಂಗತಿಯನ್ನು ಮರೆಮಾಜದೆ ಹೇಳುತ್ತೇವೆ.

ಲಾಕ್‌ಡೌನ್ ಆರಂಭವಾದ ಮೊದಲನೆಯ ವಾರದಲ್ಲಿ ಒಂದು ಮುಂಜಾನೆ ನಾವು ಚೀಲ ಹಿಡಿದು, ಬಾಯಿ ಮೂಗುಗಳಿಗೆ ಬಟ್ಟೆ ಕಟ್ಟಿ, ನಮ್ಮ ವಾಡಿಕೆಯ ಅಂಗಡಿಯ ಮುಂದೆ ಸುಣ್ಣದ ವೃತ್ತದಲ್ಲಿ ನಿಂತೆವು. ಮನೆಯಿಂದ ಮೇಲಿಂದ ಮೇಲೆ ಹೊರಗೆ ಬರಬಾರದು, ಒಂದೇ ಸಾರಿ ಹೆಚ್ಚು ದಿನಕ್ಕೆ ಆಗುವಷ್ಟು ತೆಗೆದುಕೊಂಡು ಹೋಗಬೇಕು ಎಂದು ವೈದ್ಯರು ಹೇಳಿದ್ದ ಬುದ್ಧಿಯು ನಮ್ಮ ಮನಸ್ಸಿನಲ್ಲಿತ್ತು. ಹತ್ತು ಕಿಲೋ ತೊಗರಿಬೇಳೆ ಕೊಡಿರೆಂದೆವು. ವರ್ತಕರು ಚೀಲವನ್ನು ತಿರುವಿ ಹಾಕಿ ತೂಗಿದರು. ಚೂರು ಕಡಿಮೆ ಹತ್ತು ಕಿಲೋ ಆಯಿತು. ಹಣ ಕೊಟ್ಟು ಪಕ್ಕಕ್ಕೆ ಸರಿದೆವು. ನಮ್ಮ ಹಿಂದಿನ ವೃತ್ತದಲ್ಲಿ ನಿಂತಿದ್ದ ಹೆಣ್ಣುಮಗಳು ಹಗ್ಗದ ಹತ್ತಿರ ಬಂದು, “ಶೆಟ್ರೇ, ಅರ್ಧ ಕಿಲೋ ಬ್ಯಾಳಿ ಕೊಡ್ರಿ,” ಎಂದು ನೋಟು ಚಾಚಿದಳು. “ಬ್ಯಾಳಿ ತೀರೇತವ್ವ, ನಾಡದು ಬಾ,” ಎಂದರು ಶೆಟ್ಟರು. ಅವಳು ನಮ್ಮ ಚೀಲವನ್ನು ನೋಡಿದಳು. ಏನೂ ಅನ್ನಲಿಲ್ಲ. ನಾವೂ ಏನೂ ಅನ್ನದೆ ಮನೆಗೆ ಬಂದೆವು.

ಐದು ಜನರಿರುವ ನಮ್ಮ ಮನೆಯಲ್ಲಿ ದಿನಕ್ಕೆ ಕಾಲು ಕಿಲೋ ಬೇಳೆ ಬೇಯುವದು. ಹದಿನೈದು ದಿನಕ್ಕೊಮ್ಮೆ ಅಂಗಡಿಗೆ ಹೋಗುವವರಿಗೆ ನಾಲ್ಕು ಕಿಲೋ ಸಾಕು. ಡಬ್ಬಿಯಲ್ಲಿ ಮೊದಲೇ ಎರಡು ಕಿಲೋ ಇದ್ದೇ ಇತ್ತು. ಆದ್ದರಿಂದ ಆ ಹತ್ತರಲ್ಲಿ ಎರಡು ಕಿಲೋ ಮಾತ್ರ ವೈದ್ಯರ ಬುದ್ಧಿಗೆ ಸೇರಿದ್ದು. ಉಳಿದ ಎಂಟು ನಮ್ಮ ಭಯಕ್ಕೆ ಸೇರಿದ್ದು. ಈ ಲೆಕ್ಕವನ್ನು ಅಂಗಡಿಗೆ ಹೋಗುವ ಮುಂಚೆ ಮಾಡಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಮಾಡಿದೆವು. ಇದಕ್ಕಿಂತಲೂ ನಮ್ಮನ್ನು ಚುಚ್ಚಿದ ಮಾತು ಬೇರೆ ಇದೆ. ಆ ಚೀಲದಿಂದ ಅರ್ಧ ಕಿಲೋ ತೆಗೆದುಕೊಡಲು ನಮಗೆ ಅಡ್ಡಿ ಮಾಡಿದ್ದು ಯಾವದು? ಹತ್ತಿರ ಹೋಗಬಾರದು, ಒಬ್ಬರು ಮುಟ್ಟಿದ್ದನ್ನು ಇನ್ನೊಬ್ಬರು ಮುಟ್ಟಬಾರದು, ಬೀದಿಯಲ್ಲಿ ನಿಂತು ಮಾತಾಡಬಾರದು ಎಂದು ಮನಸ್ಸಿಗೆ ಹೇಳಿಕೊಂಡೆವು. ರೋಗವನ್ನು ತಡೆಯಲಿಕ್ಕೆ ಮಾಡಿದ ನಿಯಮವು ದಯೆಯನ್ನು ತಡೆಯಲಿಕ್ಕೆ ನಮಗೆ ಒಳ್ಳೇ ನೆಪವಾಗಿ ಒದಗಿತು. ಮುಖಕ್ಕೆ ಕಟ್ಟಿದ ಬಟ್ಟೆಯು ನಾಚಿಕೆಯನ್ನೂ ಮುಚ್ಚಿತು.

ಇದಕ್ಕೆ ಪ್ರತಿಯಾಗಿ ಹೇಳತಕ್ಕ ಮಾತು ಇಲ್ಲವೆಂದಲ್ಲ. ಒಬ್ಬನು ತನ್ನನ್ನು ರೋಗದಿಂದ ಕಾಪಾಡಿಕೊಂಡರೆ ತನ್ನ ಮನೆಯವರನ್ನೂ ನೆರೆಯವರನ್ನೂ ಕಾಪಾಡಿದ ಹಾಗಾಗುವದು. ಅವನು ಆಸ್ಪತ್ರೆಯ ಒಂದು ಮಂಚವನ್ನು ಮತ್ತೊಬ್ಬನಿಗೆ ಬಿಟ್ಟ ಹಾಗಾಗುವದು. ಹತ್ತು ಸಾರಿ ಹೋಗುವ ಅಂಗಡಿಗೆ ಒಂದೇ ಸಾರಿ ಹೋದವನು ಒಂಬತ್ತು ಸಾರಿ ಸಾಲನ್ನು ಚಿಕ್ಕದು ಮಾಡಿದನು. ಈ ಮಾತು ಸತ್ಯವೇ, ಮತ್ತು ಇದನ್ನು ಹಗುರವಾಗಿ ತಳ್ಳಿಬಿಡಬಾರದು. ಆದರೆ ಹದಿನೈದು ದಿನದ ಸಾಮಾನನ್ನು ಒಂದೇ ಸಾರಿ ಕೊಳ್ಳಬಲ್ಲವನು ಯಾರು? ತಿಂಗಳ ಸಂಬಳದವನು. ಸಂಡೂರಿನ ಗಣಿಯ ಲಾರಿಗೆ ಅದಿರು ತುಂಬುವವನೂ, ಕಂಪ್ಲಿಯ ಗದ್ದೆಗಳಲ್ಲಿ ನಾಟಿ ಕೊಯಿಲುಗಳ ಕೂಲಿಯವಳೂ ದಿನದ ಎಣ್ಣೆಯನ್ನು ದಿನಕ್ಕೆ ಕೊಳ್ಳುವವರು. ಅವರು ಅಂಗಡಿಗೆ ಮೇಲಿಂದ ಮೇಲೆ ಹೋಗುವದು ಬುದ್ಧಿಗೇಡಿತನದಿಂದಲ್ಲ, ಸಂಚಿಯಲ್ಲಿರುವ ಹಣದ ಅಳತೆಯಿಂದ. ಹಾಗಾದರೆ ವೈದ್ಯರ ಬುದ್ಧಿಯನ್ನು ಪಾಲಿಸುವ ಶಕ್ತಿಯೇ ಕೆಲವರಿಗೆ ಇತ್ತು, ಕೆಲವರಿಗೆ ಇರಲಿಲ್ಲ. ಇದ್ದವರು ಅದನ್ನು ಅತಿಯಾಗಿ ಪಾಲಿಸಿದಾಗ ಅಂಗಡಿಯ ಚೀಲ ಬರಿದಾಗಿ, ಇಲ್ಲದವರು ಇನ್ನೂ ಎರಡು ಸಾರಿ ಸಾಲಿನಲ್ಲಿ ನಿಲ್ಲಬೇಕಾಯಿತು. ನಾವು ಮನೆಯಲ್ಲಿ ಭದ್ರವಾಗಿ ಕೂತಿದ್ದೆವು. ಆ ಹೆಣ್ಣುಮಗಳು ನಾಡದು ತಿರಿಗಿ ಬಂದಳು. ಅಪಾಯವು ಇಲ್ಲದೆ ಹೋಗಲಿಲ್ಲ. ನಮ್ಮ ತಲೆಯಿಂದ ಇಳಿದು ಅವಳ ತಲೆಯನ್ನೇರಿತು.

ಇಂಗ್ಲೆಂಡಿನ ಡರ್ಬಿಷೈರ್ ಸೀಮೆಯಲ್ಲಿ ಈಮ್ ಎಂಬ ಒಂದು ಹಳ್ಳಿಯಿದೆ. 1665ನೆಯ ಇಸವಿಯಲ್ಲಿ ಲಂಡನಿನಿಂದ ಬಂದ ಬಟ್ಟೆಯ ಗಂಟಿನೊಂದಿಗೆ ಪ್ಲೇಗು ರೋಗವು ಆ ಹಳ್ಳಿಗೆ ಬಂದಿತೆಂದು ಹೇಳುತ್ತಾರೆ. ಮರುವರುಷದ ಬೇಸಗೆಯಲ್ಲಿ ರೋಗವು ಹೆಚ್ಚಿದಾಗ ಅಲ್ಲಿಯ ಬೋಧಕನಾದ ವಿಲ್ಲಿಯಮ್ ಮೊಂಪೆಸನನೂ ಅವನಿಗೆ ಮುಂಚೆ ಅಲ್ಲಿ ಬೋಧಕನಾಗಿದ್ದ ಥಾಮಸ್ ಸ್ಟ್ಯಾನ್ಲಿಯೂ ಸೇರಿ ಜನರನ್ನು ಒಡಂಬಡಿಸಿ, ರೋಗವು ಸುತ್ತಲಿನ ಊರುಗಳಿಗೆ ಹಬ್ಬದ ಹಾಗೆ ಯಾರೂ ಹಳ್ಳಿಯ ಎಲ್ಲೆಯನ್ನು ದಾಟಬಾರದೆಂದು ಗೊತ್ತುಮಾಡಿದರು. ಹಾಗಾದರೆ ಊಟಕ್ಕೆ ಏನು ಗತಿ? ನೆರೆಯ ಊರಿನವರು ರೊಟ್ಟಿ ಮೊದಲಾದ ಪದಾರ್ಥಗಳನ್ನು ತಂದು ಎಲ್ಲೆಯ ಕಲ್ಲಿನ ಮೇಲೂ ಒಂದು ಚಿಲುಮೆಯ ಬಳಿಯಲ್ಲೂ ಇಟ್ಟು ಹೋಗುತ್ತಿದ್ದರು. ಹಳ್ಳಿಯವರು ಆಮೇಲೆ ಬಂದು ಅವುಗಳನ್ನು ತೆಗೆದುಕೊಂಡು, ಕಲ್ಲಿನಲ್ಲಿ ಕೊರೆದ ಗುಳಿಗಳಲ್ಲಿ ಹುಳಿರಸ ಹೊಯ್ದು ಅದರೊಳಗೆ ನಾಣ್ಯಗಳನ್ನು ಹಾಕಿ ಹೋಗುತ್ತಿದ್ದರು. ಇಲ್ಲವೆ ಹರಿಯುವ ನೀರಿನಲ್ಲಿ ಇಡುತ್ತಿದ್ದರು. ಹದಿನಾಲ್ಕು ತಿಂಗಳುಗಳಲ್ಲಿ ಆ ಚಿಕ್ಕ ಹಳ್ಳಿಯಲ್ಲಿ ಸುಮಾರು 260 ಜನರು ಸತ್ತರು. ಮೊಂಪೆಸನನ ಹೆಂಡತಿಯೂ ಅವರಲ್ಲೊಬ್ಬಳು.

ಹೀಗೆ ಊರನ್ನು ಮುಚ್ಚಿದ್ದರಿಂದ ಹಳ್ಳಿಯ ಒಳಗೆ ಸಾಯಬೇಕಾಗಿಲ್ಲದವರೂ ಸತ್ತರೆಂದು ವಾದಿಸುವವರುಂಟು. ಪ್ಲೇಗು ಇಲಿಗಳ ಚಿಗಟಗಳಿಂದ ಹಬ್ಬುವದೆಂಬದು ಆಗ ಯಾರಿಗೂ ತಿಳಿಯದು. ಆ ವಾದ ಹಾಗಿರಲಿ. ನಾವು ನೋಡತಕ್ಕದ್ದು ಹುಳಿರಸದ ಗುಳಿಯನ್ನು. ಆ ನಾಣ್ಯಗಳನ್ನು ತೊಳೆದವರು ಕೊಳ್ಳುವವರು, ಮತ್ತು ತೊಳೆದದ್ದು ಮಾರುವವನ ಕೈಗಾಗಿ. ಈಗ ನಮ್ಮನ್ನು ನೋಡೋಣ. ವರ್ತಕನು ಕೊಟ್ಟ ಚಿಲ್ಲರೆಯ ಮೇಲೆ ನಾವು ಸ್ಯಾನಿಟೈಸರ್ ಚಿಮುಕಿಸಿ ಬಿಸಿಲಿಗೆ ಹರವಿದೆವು. ನಾವು ಅವನಿಗೆ ಕೊಟ್ಟ ನೋಟುಗಳನ್ನು ಹಾಗೆ ಮಾಡಿ ಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ?

ನೋಟುಗಳ ಮೇಲಿನ ಈ ಕಷ್ಟವೆಲ್ಲಾ ಬಹಳಷ್ಟು ವ್ಯರ್ಥವಾಗಿತ್ತೆಂದು ಆಮೇಲೆ ತಿಳಿದುಬಂತು. ಸಾಮಾನುಗಳನ್ನು ಮುಟ್ಟಿದ್ದರಿಂದ ಕೊರೊನಾ ಹತ್ತುವದು ಬಹು ಅಪರೂಪ. ಅದು ಮುಖ್ಯವಾಗಿ ಹಬ್ಬುವದು ಒಬ್ಬರು ಬಿಟ್ಟ ಉಸಿರಿನಿಂದ, ಅದರಲ್ಲಿಯೂ ಗಾಳಿಯಾಡದ ಕೋಣೆಗಳಲ್ಲಿ ಗುಂಪಾಗಿ ನಿಂತು ಮಾತಾಡುವದರಿಂದ. ಮೊದಲನೆಯ ತಿಂಗಳುಗಳಲ್ಲಿ ಇದು ಯಾರಿಗೂ ನಿಶ್ಚಯವಾಗಿ ತಿಳಿದಿರಲಿಲ್ಲವಾದ್ದರಿಂದ, ಹಾಲಿನ ಪೊಟ್ಟಣಗಳನ್ನು ಸಾಬೂನಿನಿಂದ ತೊಳೆದವರನ್ನು ನಗಬಾರದು. (ಕೊತ್ತಂಬರಿ ಸೊಪ್ಪನ್ನು ಸಾಬೂನಿನ ನೀರಲ್ಲಿ ಅದ್ದಿ ಸಾರಿಗೆ ಹಾಕಿ, ಆ ಸಾರನ್ನು ಹಿತ್ತಲಿಗೆ ಚೆಲ್ಲಿದ ಮನೆಯು ನಮ್ಮದೊಂದೇ ಅಲ್ಲವೆಂದು ನಂಬಿದ್ದೇವೆ.) ಆದರೆ ನಮ್ಮ ಶ್ರದ್ಧೆಯು ಎಲ್ಲಿ ಹೆಚ್ಚಿತ್ತು, ಎಲ್ಲಿ ಕಡಿಮೆಯಿತ್ತು ಎಂಬದನ್ನು ನೋಡಿದರೆ ಒಂದು ವಿಷಯವು ಹೊರಡುವದು. ಮನೆಯ ಒಳಗೆ, ನಮಗಾಗಿ, ಮೂರು ಮೂರು ಸಾರಿ ತೊಳೆದೆವು. ಅಂಗಡಿಯ ಮುಂದೆ, ವರ್ತಕನಿಗೆ ನಮ್ಮ ಮಾತು ಕೇಳಿಸಲಿಲ್ಲವೆಂದು, ಬಾಯಿಯ ಬಟ್ಟೆಯನ್ನು ಗದ್ದಕ್ಕೆ ಇಳಿಸಿ ಕೂಗಿ ಹೇಳಿದೆವು. ಆ ಸಾದಾ ಬಟ್ಟೆಯಾದರೋ ಕಟ್ಟಿಕೊಂಡವನಿಗಿಂತ ಎದುರಿಗಿದ್ದವನಿಗೇ ಹೆಚ್ಚು ಕಾವಲಾಗಿತ್ತು. ತನಗೆ ಕಾವಲಾದದ್ದನ್ನು ಮನುಷ್ಯನು ಯಾರೂ ಹೇಳದೆಯೇ ಅತಿಯಾಗಿ ಮಾಡುವನು. ಪರರಿಗೆ ಕಾವಲಾದದ್ದನ್ನು ಮಾಡಿಸಲಿಕ್ಕೆ ಪೋಲೀಸಿನವನು ದಂಡ ಹಾಕಬೇಕಾಯಿತು.

ಊರಲ್ಲಿ ಕೊಂಚ ಅನುಕೂಲವಿದ್ದವರು ಅಂಗಡಿಗೆ ಹೋಗುವದನ್ನೇ ಬಿಟ್ಟು, ಸಾಮಾನಿನ ಚೀಟಿಯನ್ನು ಫೋನಿನಲ್ಲಿ ಕಳುಹಿಸಿ, ಮನೆಯ ಬಾಗಿಲಿಗೆ ತರಿಸಿಕೊಂಡರು. ನಾವೂ ಏಪ್ರಿಲ್ ತಿಂಗಳಲ್ಲಿ ಹಾಗೆಯೇ ಮಾಡಿದೆವು. ಚೀಲಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ತರುತ್ತಿದ್ದವನು ಹದಿನೆಂಟು ಇಪ್ಪತ್ತು ವರುಷದ ಹುಡುಗ. ಹೊಸಪೇಟೆಯ ಏಪ್ರಿಲ್ ಬಿಸಿಲನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. “ಗೇಟಿನ ಹತ್ತಿರ ಇಟ್ಟು ಹೋಗಪ್ಪಾ,” ಎಂದು ಪಡಸಾಲೆಯಿಂದಲೇ ಹೇಳುತ್ತಿದ್ದೆವು. ಬಿಸಿಲಲ್ಲಿ ಬಂದವನಿಗೆ ಬೆಲ್ಲ ನೀರು ಕೊಡುವದು ಈ ಸೀಮೆಯಲ್ಲಿ ಬಡವರ ಮನೆಯಲ್ಲಿಯೂ ತಪ್ಪದ ಪದ್ಧತಿ, ಅದನ್ನೂ ಬಿಟ್ಟೆವು. ಮೂರನೆಯ ಸಾರಿಯೋ ನಾಲ್ಕನೆಯ ಸಾರಿಯೋ ಅವನು ಬಂದಾಗ, ದಿನಕ್ಕೆ ಎಷ್ಟು ಮನೆಗೆ ಹೋಗುತ್ತೀಯೆಂದು ಕೇಳಿದೆವು. “ಮೂವತ್ತು ಮೂವತ್ತೈದು ಆಗ್ತಾವ್ರಿ,” ಎಂದನು.

ಮೂವತ್ತೈದು ಮನೆಗಳು ಒಂದೊಂದಾಗಿ ಅಂಗಡಿಗೆ ಹೋಗಿದ್ದರೆ ಮೂವತ್ತೈದು ಪಾಲಾಗಿ ಹಂಚಿಹೋಗಬೇಕಾಗಿದ್ದ ಅಪಾಯವನ್ನು ಒಬ್ಬನು ಹೊತ್ತನು. ಇದು ಅನ್ಯಾಯವೋ? ನಾವು ಬಹಳ ಆಲೋಚಿಸಿದೆವು, ಬರೇ ಅನ್ಯಾಯವೆನ್ನಲಾರೆವು. ಒಬ್ಬನೇ ಓಡಾಡಿ ಮೂವತ್ತೈದು ಜನರು ಮನೆಯಲ್ಲಿ ನಿಂತರೆ ಊರಲ್ಲಿ ರೋಗವು ಹಬ್ಬುವದು ಕಡಿಮೆಯಾಗುವದು, ಮತ್ತು ಕೆಲಸವಿಲ್ಲದ ಆ ದಿನಗಳಲ್ಲಿ ಅವನಿಗೆ ಕೂಲಿಯೂ ಸಿಕ್ಕಿತು. ಮನೆ ಬಿಟ್ಟು ಹೊರಡಲಾರದ ಮುದುಕರಿಗೆ ಅವನಿಂದಲೇ ಅನ್ನವಾಯಿತು. ಆದರೆ ಹೊರೆಯನ್ನು ಹೊತ್ತವನಿಗೆ ಹೊರೆಯ ಬೆಲೆ ಸಲ್ಲಬೇಕಷ್ಟೆ. ನಾವು ಅವನಿಗೆ ಕೊಟ್ಟದ್ದು ಎಂದಿನ ಹಾಗೆ ಹತ್ತು ರೂಪಾಯಿ, ಅದನ್ನೂ ಕಂಬಿಯ ಸಂದಿನಿಂದ. ಬಾಗಿಲ ಹೊರಗೆ ಒಂದು ತಂಬಿಗೆ ನೀರು, ಬೆಲ್ಲ, ಒಂದು ಒಳ್ಳೇ ಮುಖಗವಸು ಇಟ್ಟಿದ್ದರೆ ಯಾವ ವೈದ್ಯನೂ ಬೇಡವೆನ್ನುತ್ತಿರಲಿಲ್ಲ. ಈಮ್ ಹಳ್ಳಿಯ ಕಲ್ಲು ನಮ್ಮ ಗೇಟಿನ ಹತ್ತಿರ ಇಲ್ಲದೆ ಹೋಯಿತು.

2021ರ ಬೇಸಗೆಯಲ್ಲಿ ರೋಗವು ಎರಡನೆಯ ಸಾರಿ, ಮೊದಲಿಗಿಂತ ಭಯಂಕರವಾಗಿ, ಬಂದಾಗ ಏಪ್ರಿಲ್ 27ರಿಂದ ನಮ್ಮ ರಾಜ್ಯದಲ್ಲಿ ತಿರಿಗಿ ಎಲ್ಲವನ್ನೂ ಮುಚ್ಚಿದರು. ದಿನಸಿ ತರಕಾರಿಗಳ ಅಂಗಡಿಗಳಿಗೆ ಮುಂಜಾನೆ 6 ಗಂಟೆಯಿಂದ 10 ಗಂಟೆಯ ವರೆಗೆ ಮಾತ್ರ ಅಪ್ಪಣೆಯಿತ್ತು. ದಿನವೆಲ್ಲಾ ಬಂದು ಹೋಗುವ ಜನರು ನಾಲ್ಕು ಗಂಟೆಗಳಲ್ಲಿ ಬರಬೇಕಾದದ್ದರಿಂದ ಅಂಗಡಿಗಳ ಮುಂದೆ ನೂಕುನುಗ್ಗಲಾಯಿತು. ಅಧಿಕಾರಿಗಳ ಕಷ್ಟವನ್ನು ನಾವು ಅರಿಯದವರಲ್ಲ; ಹೊತ್ತನ್ನು ಹೆಚ್ಚಿಸಿದರೆ ಕೆಲಸವಿಲ್ಲದವರೂ ತಿರುಗಾಡುವರೆಂದು ಅವರು ಹೆದರಿದರು. ಆದರೂ ಹೊತ್ತನ್ನು ಕಡಿಮೆ ಮಾಡುವದರಿಂದ ಗುಂಪು ಕಡಿಮೆಯಾಗದು, ದಟ್ಟವಾಗುವದು ಎಂಬದು ನಮ್ಮ ಅಭಿಪ್ರಾಯ. ಅನೇಕ ಊರುಗಳಲ್ಲಿ ತರಕಾರಿಯ ಪೇಟೆಯನ್ನು ಇಕ್ಕಟ್ಟಾದ ಕಟ್ಟಡಗಳಿಂದ ಬಯಲಿಗೂ ಆಟದ ಮೈದಾನಗಳಿಗೂ ಸಾಗಿಸಿದರಲ್ಲಾ, ಆ ಕೆಲಸವು ಅದಕ್ಕಿಂತ ಬಹು ವಿವೇಕವುಳ್ಳದ್ದಾಗಿತ್ತು. 1898ರಲ್ಲಿ ಬೆಂಗಳೂರಿಗೂ ಹುಬ್ಬಳ್ಳಿ ಧಾರವಾಡಗಳಿಗೂ ಪ್ಲೇಗು ಬಂದಾಗ ನಮ್ಮ ಹಿರಿಯರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಕಾರಣವು ಬೇರೆಯಾಗಿದ್ದರೂ ಬಯಲಿಗೆ ಹೋಗುವ ಬುದ್ಧಿಯು ಹಳೆಯದು.

ಆ ಗುಂಪಿನಲ್ಲಿ ನಿಂತವರು ನಿಂತವರನ್ನೇ ಬೈದದ್ದನ್ನು ನಾವು ಕಿವಿಯಾರೆ ಕೇಳಿದ್ದೇವೆ. “ಇಷ್ಟು ಜನ ಯಾಕೆ ಬಂದಾರ?” ಎಂದು ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸುತ್ತಿದ್ದನು. 2020ರ ಜೂನಿನಲ್ಲಿ ಸಂಡೂರು ತಾಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕೆಲಸಗಾರರಲ್ಲಿ ರೋಗವು ಹೆಚ್ಚಾಗಿ ಕಂಡಾಗ, ಅಲ್ಲಿಗೆ ಕೆಲಸಕ್ಕೆ ಹೋಗುವವರು ಸಾಲಿನಲ್ಲಿ ನಿಂತರೆ ಜನರು ಎರಡು ವೃತ್ತ ಹಿಂದಕ್ಕೆ ಸರಿಯುತ್ತಿದ್ದರು. ದೂರ ಸರಿದದ್ದು ತಪ್ಪಲ್ಲ. ಎಲ್ಲರಿಂದಲೂ ಅಷ್ಟೇ ದೂರ ನಿಲ್ಲಬೇಕೆಂದೇ ನಿಯಮವಿತ್ತು. ಆದರೆ ಬಟ್ಟೆ ಬರೆ ಚೆನ್ನಾಗಿದ್ದ ಪರಿಚಯಸ್ಥನ ಹೆಗಲ ಮೇಲೆ ಕೈ ಹಾಕಿ ನಿಂತು, ಕಾರ್ಖಾನೆಯ ಟೊಪ್ಪಿಗೆಯವನನ್ನು ಕಂಡರೆ ಮಾತ್ರ ಸರಿಯುವದು ರೋಗದ ಭಯವಲ್ಲ.

ಅಂಗಡಿಯವರ ವಿಷಯವಾಗಿ ಎರಡು ಮಾತು. ಬೆಲೆಯನ್ನು ಏರಿಸಿದವರು ಕೆಲವರಿದ್ದರು; ಅವರ ವಿಷಯ ಊರಿಗೇ ಗೊತ್ತು. ಆದರೆ ನಮ್ಮ ಆ ಶೆಟ್ಟರು ಬೇಳೆಯ ಸಂಗತಿಯಾದ ಮರುದಿನದಿಂದ ಒಬ್ಬರಿಗೆ ಎರಡು ಕಿಲೋಕ್ಕಿಂತ ಹೆಚ್ಚು ಕೊಡುವದಿಲ್ಲವೆಂದು ರಟ್ಟಿನ ಮೇಲೆ ಬರೆದು ಕಟ್ಟಿದರು. ಹಣವುಳ್ಳ ಗಿರಾಕಿಗಳು ಸಿಟ್ಟಾಗಿ ಬೇರೆ ಅಂಗಡಿಗೆ ಹೋದರು. ಶೆಟ್ಟರು ರಟ್ಟನ್ನು ತೆಗೆಯಲಿಲ್ಲ. ಉದ್ರಿಯ ಪುಸ್ತಕದಲ್ಲಿ ಆ ಮೂರು ತಿಂಗಳಲ್ಲಿ ಬರೆದುಕೊಂಡದ್ದರಲ್ಲಿ ಎಲ್ಲವೂ ಇಂದಿಗೂ ವಸೂಲಾಗಿಲ್ಲವೆಂದು ಅವರೇ ಒಮ್ಮೆ ಹೇಳಿದರು. ಯಾರು ಕೊಡಬೇಕೆಂದು ಮಾತ್ರ ಹೇಳಲಿಲ್ಲ. ಅವರೂ ದಿನಕ್ಕೆ ನೂರಾರು ಜನರ ಉಸಿರಿನ ಎದುರಿಗೆ ನಿಂತವರೇ. ಅವರ ಸುರಕ್ಷಿತತೆಯನ್ನು ಕುರಿತು ಯಾವ ಗಿರಾಕಿಯೂ ಅವರನ್ನು ಕೇಳಿದ್ದು ನಮಗೆ ನೆನಪಿಲ್ಲ. ನಾವೂ ಕೇಳಲಿಲ್ಲ.

ಆ ಹತ್ತು ಕಿಲೋ ಬೇಳೆಯನ್ನು ಎರಡು ಡಬ್ಬಿಗಳಲ್ಲಿ ತುಂಬಿಟ್ಟಿದ್ದೆವು. ಲಾಕ್‌ಡೌನ್ ಸಡಿಲವಾಗಿ ಅಂಗಡಿಗಳು ಎಂದಿನಂತೆ ತೆರೆದ ಮೇಲೆ ಎರಡನೆಯ ಡಬ್ಬಿಯನ್ನು ಮರೆತುಬಿಟ್ಟೆವು. ಆಷಾಢದ ತಂಪು ಗಾಳಿಯಲ್ಲಿ ಒಂದು ದಿನ ಮುಚ್ಚಳ ತೆಗೆದು ನೋಡಿದರೆ ಹುಳು ಬಿದ್ದಿತ್ತು. ಬಿಸಿಲಿಗೆ ಹಾಕಿ, ಮೊರದಲ್ಲಿ ಕೇರಿ, ಮೂರು ಕಿಲೋದಷ್ಟನ್ನು ದನಕ್ಕೆ ಇಟ್ಟೆವು.